ಹನ್ನೆರಡು ವರ್ಷದಲ್ಲಿ ನಾವು ಗೆದ್ದ ಒಂದೇ ಪಂದ್ಯ

ನಾನು ಮಹಿಳಾ ಕಾಲೇಜಿನ ಟೆನಿಸ್ ಕೋಚ್ ಆದದ್ದಕ್ಕೆ ಪ್ರತಿಭೆ ಕಾರಣವಲ್ಲ, ಬೀಗದ ಕೈ ಕಾರಣ.

ಅದೇ ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತೆಯಾಗಿದ್ದೆ. ಹುಡುಗಿಯರ ಹಾಜರಿ ಪಟ್ಟಿ, ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗಬೇಕು. ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೂಡ, ಯಾಕೋ ಗೊತ್ತಿಲ್ಲ, ನನ್ನ ಡ್ರಾಯರಿನಲ್ಲೇ ಇರುತ್ತಿತ್ತು. ಹಳೆಯ ಕೋಚ್ ನಿವೃತ್ತರಾದ ಮರುದಿನ ಪ್ರಿನ್ಸಿಪಾಲರು ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದರು.

"ಟೆನಿಸ್ ಕೋಣೆ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ ಸಾರ್."

"ಹಾಗಾದ್ರೆ ಹೊಸ ಕೋಚ್ ಬರೋ ತನಕ ನೀವೇ ನೋಡ್ಕೊಳ್ಳಿ."

ಇದು ಹನ್ನೆರಡು ವರ್ಷದ ಹಿಂದಿನ ಮಾತು. ಹೊಸ ಕೋಚ್ ಇನ್ನೂ ದಾರಿಯಲ್ಲೇ ಇದ್ದಾರೆ.

ನಾನು ಹಳ್ಳಿಯಲ್ಲಿ ಬೆಳೆದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಆಟವೆಂದು ನಾನು ಓಡಿದ್ದೇನಾದರೂ ಇದ್ದರೆ ಅದು ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ, ಅದರಲ್ಲೂ ಕರುವೇ ಗೆಲ್ಲುತ್ತಿತ್ತು. ಗೊತ್ತಿಲ್ಲದ ಕೆಲಸ ತಲೆಗೆ ಬಿದ್ದರೆ ನನ್ನಂಥವರು ಮಾಡುವುದು ಒಂದೇ: ಲೈಬ್ರರಿಗೆ ಹೋಗಿ ಆ ವಿಷಯದ ಪುಸ್ತಕ ಹುಡುಕುವುದು. ಟೆನಿಸ್ ಮೇಲೆ ಒಂದೇ ಒಂದು ಪುಸ್ತಕವಿತ್ತು. ಅದರಲ್ಲಿ ಅರವತ್ತನಾಲ್ಕು ಚಿತ್ರಗಳು, ಅರವತ್ತನಾಲ್ಕರಲ್ಲೂ ಒಬ್ಬನೇ ಮೀಸೆಯ ಗಂಡಸು. ಪರೀಕ್ಷೆಗೆ ಓದಿದ ಹಾಗೆ ಓದಿದೆ. ಅಡಿಗೆರೆ ಹಾಕಿದೆ, ಟಿಪ್ಪಣಿ ಮಾಡಿಕೊಂಡೆ. ಇವತ್ತಿಗೂ "ಸರ್ವ್ ಮಾಡುವ ವಿಧಾನವನ್ನು ವಿವರಿಸಿ" ಎಂದು ಹತ್ತು ಅಂಕದ ಪ್ರಶ್ನೆ ಕೊಟ್ಟರೆ ಹತ್ತಕ್ಕೆ ಹತ್ತು ತೆಗೆಯುತ್ತೇನೆ. ಸರ್ವ್ ಮಾಡಿ ತೋರಿಸು ಎಂದರೆ ಚೆಂಡು ಸೈಕಲ್ ಸ್ಟ್ಯಾಂಡಿಗೆ ಹೋಗುತ್ತದೆ.

ನನ್ನ ಗಂಡನದು ಹೊಲಿಗೆ ಅಂಗಡಿ. ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯೊಂದಿದೆ. ಮೊದಲ ವರ್ಷ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಪುಸ್ತಕವನ್ನು ಹೊಲಿಗೆ ಯಂತ್ರದ ಮೇಲೆ ಬಿಡಿಸಿಟ್ಟು, ಆ ಕನ್ನಡಿಯ ಮುಂದೆ ರಾಕೆಟ್ ಬೀಸುತ್ತಿದ್ದೆ. ಒಂದು ದಿನ ಬೀಸಿದ ರಭಸಕ್ಕೆ ಗುಂಡಿಯ ಡಬ್ಬಿ ಹಾರಿ ಬಿದ್ದು ಅಂಗಡಿ ತುಂಬ ಗುಂಡಿ. ನಮ್ಮವರು ಬಗ್ಗಿ ಒಂದೊಂದೇ ಹೆಕ್ಕುತ್ತಾ, "ಚಿತ್ರ ಎಷ್ಟನೇದು?" ಎಂದರು.

"ಹನ್ನೊಂದನೇದು ರೀ."

"ಇನ್ನೂ ಐವತ್ತಮೂರು ಇದೆ. ನಾಳೆಯಿಂದ ಡಬ್ಬಿಗಳನ್ನ ಮೇಲಿನ ಕಪಾಟಿಗೆ ಇಡ್ತೀನಿ."

ಮನೆಯಲ್ಲಿ ಅತ್ತೆಯವರಿಗೆ ನನ್ನ ಹೊಸ ಕೆಲಸ ಅರ್ಥವಾಗಲಿಲ್ಲ. ಒಮ್ಮೆ ಸಂಜೆ ಕಾಲೇಜಿನ ಬೇಲಿಯ ಹೊರಗೆ ನಿಂತು ಐದು ನಿಮಿಷ ನೋಡಿ ಬಂದರು. ಆಮೇಲೆ ಪಕ್ಕದ ಮನೆಯವರಿಗೆ ಹೇಳುವುದು ನನಗೇ ಕೇಳಿಸಿತು: "ನಮ್ಮ ಸೊಸೆಗೆ ದೊಡ್ಡ ಕೆಲಸ ಕಣೇ. ಹುಡುಗೀರು ಚೆಂಡು ಎಸೀತಾರೆ, ಇವಳು ಹೆಕ್ಕಿ ಹೆಕ್ಕಿ ಕೊಡ್ತಾಳೆ. ಡಿಗ್ರಿ ಓದಿದ್ದು ಸಾರ್ಥಕ ಆಯ್ತು."

ಅವರು ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಹೆಕ್ಕುತ್ತಾ ಹೆಕ್ಕುತ್ತಾ ಒಂದು ವಿದ್ಯೆ ಬಂತು. ಆಡಲು ಬಾರದವಳಿಗೆ ನೋಡಲು ಬಂತು. ಒಬ್ಬೊಬ್ಬ ಹುಡುಗಿಗೂ ಒಂದೊಂದು ನೋಟ್‌ಬುಕ್ ಇಟ್ಟೆ. ಯಾವ ಚೆಂಡು ಎಲ್ಲಿ ಬಿತ್ತು, ಯಾವ ಹೊಡೆತಕ್ಕೆ ಮೊಣಕಾಲು ಬಗ್ಗಲಿಲ್ಲ, ಎಷ್ಟನೇ ಗೇಮಿಗೆ ಮುಖ ಬಾಡಿತು, ಎಲ್ಲವನ್ನೂ ಬರೆದೆ. ಕೈಯಲ್ಲಿ ಮಾಡಿ ತೋರಿಸಬೇಕಾದಾಗ "ಹೀಗಲ್ಲ" ಎಂದು ಮೊದಲೇ ಹೇಳಿ ಹೊಡೆಯುತ್ತಿದ್ದೆ. ಹೀಗಲ್ಲ ಎಂದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಯಾವ ಕಾಲೇಜಿನಲ್ಲೂ ಇರಲಿಲ್ಲ.

ಇಷ್ಟೆಲ್ಲ ಆಗಿಯೂ ನಮ್ಮ ತಂಡ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಪ್ರತಿ ವರ್ಷ ಆಡಿದ ಮೊದಲ ಪಂದ್ಯದಲ್ಲೇ ಸೋತು ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿತ್ತು. ಈ ವರ್ಷ ಪಂದ್ಯಾವಳಿಗೆ ತಿಂಗಳಿದೆ ಎನ್ನುವಾಗ ಪ್ರಿನ್ಸಿಪಾಲರು ಕರೆಸಿದರು.

"ಕೂತ್ಕೊಳ್ಳಮ್ಮ. ಕೋಚ್ ಹುದ್ದೆ ಖಾಯಂ ಮಾಡೋಕೆ ಆಡಳಿತ ಮಂಡಳಿ ಒಪ್ಪಿದೆ. ನಿನ್ನ ಹೆಸರೇ ಕಳ್ಸಿದೀನಿ. ಆದ್ರೆ ಅವರೊಂದು ಪ್ರಶ್ನೆ ಕೇಳಿದಾರೆ. ಇಷ್ಟು ವರ್ಷದಲ್ಲಿ ಎಷ್ಟು ಪಂದ್ಯ ಗೆದ್ದಿದ್ದಾರೆ ಅಂತ."

"ಒಂದು ವರ್ಷ ಎದುರು ತಂಡದ ಬಸ್ಸು ಕೆಟ್ಟು ಅವರು ಬರಲೇ ಇಲ್ಲ ಸಾರ್."

"ಅದನ್ನ ಬರೆಯೋಕಾಗುತ್ತಾ? ಒಂದೇ ಒಂದು ಗೆದ್ದು ಬಾಮ್ಮ. ಉಳಿದದ್ದು ನಂಗೆ ಬಿಡು."

ಆ ಹುದ್ದೆ ನನಗೆ ಬೇಕಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಿಟಕಿಯ ಹಿಂದೆ ಕೂತು "ಫೋಟೋ ಅಂಟಿಸಿಲ್ಲ, ನಾಳೆ ಬಾ" ಎನ್ನುವ ಕೆಲಸ ಬಿಟ್ಟು, ಇಡೀ ದಿನ ಆ ಅಂಕಣದಲ್ಲಿ ನಿಲ್ಲಬೇಕೆನ್ನುವ ಆಸೆ. ರಫ್ ಹಾಳೆಯ ಮೇಲೆ ನನ್ನ ಸಹಿ ಹಾಕಿ ಕೆಳಗೆ 'ಟೆನಿಸ್ ಕೋಚ್' ಎಂದು ಬರೆದು ನೋಡಿದ್ದೂ ಉಂಟು. ನಲವತ್ತಾರು ವರ್ಷದ ಹೆಂಗಸು ಮಾಡುವ ಕೆಲಸವಲ್ಲ, ಆದರೂ ಮಾಡಿದೆ.

ತಂಡದಲ್ಲಿ ಮೂವರು. ಹುಡುಗಿಯರೇ ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಚೆನ್ನಾಗಿ ಆಡುವವಳು ಗುಡುಗು. ಅವಳು ಸರ್ವ್ ಮಾಡಿದರೆ ಬೇಲಿಯ ತಂತಿ ಅಲುಗುತ್ತಿತ್ತು. ಎರಡನೆಯವಳು ಸಮಾಧಾನ. ನೆಲ ನಡುಗಿದರೂ ಮೊದಲು ತಲೆಗೂದಲು ಕಟ್ಟಿಕೊಂಡು ಆಮೇಲೆ ಏನಾಯಿತು ಎಂದು ಕೇಳುವವಳು. ಮೂರನೆಯವಳು ಹತ್ತಿ. ಅವಳ ಹೊಡೆತ ಅಷ್ಟು ಮೆತ್ತಗೆ. ತಾಯಿಯ ಹಿಟ್ಟಿನ ಗಿರಣಿಯಲ್ಲಿ ಬೆಳಿಗ್ಗೆ ಎರಡು ಗಂಟೆ ಕೆಲಸ ಮಾಡಿ ಕಾಲೇಜಿಗೆ ಬರುತ್ತಿದ್ದಳು. ಕಿವಿಯ ಹಿಂದೆ ಸದಾ ಒಂದಿಷ್ಟು ಹಿಟ್ಟು. ಆದರೆ ನನ್ನ ನೋಟ್‌ಬುಕ್ಕಿನ ಪ್ರಕಾರ ಕೊನೆಯ ಎರಡು ತಿಂಗಳಲ್ಲಿ ಅವಳು ತಪ್ಪು ಮಾಡುವುದು ಅರ್ಧಕ್ಕರ್ಧ ಇಳಿದಿತ್ತು. ಮೊದಲ ಸುತ್ತಿನಲ್ಲಿ ನಮಗೆ ಎದುರಾಗುವ ಕಾಲೇಜಿನ ಮೂರನೆಯವಳನ್ನು ಇವಳು ಸೋಲಿಸಬಹುದು ಎಂದು ನನಗೆ ಖಾತ್ರಿಯಿತ್ತು. ಅವಳಿಗೂ ಹೇಳಿದ್ದೆ. ಅವಳು ಮನೆಯಲ್ಲಿ ಹೇಳಿದ್ದಳು.

ಇಲ್ಲೊಂದು ನಿಯಮ ಹೇಳಬೇಕು. ತಂಡದ ಮೂವರ ಹೆಸರನ್ನು ಆಟದ ಬಲದ ಕ್ರಮದಲ್ಲಿ ಬರೆದುಕೊಡಬೇಕು. ಅವರ ಒಂದನೆಯವಳ ಎದುರು ನಮ್ಮ ಒಂದನೆಯವಳು, ಎರಡನೆಯವಳ ಎದುರು ಎರಡನೆಯವಳು, ಹೀಗೆ ಆಟ. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ದುರ್ಬಲಳನ್ನು ಮೇಲೆ ಬರೆದು ಎದುರಿನ ಚಾಂಪಿಯನ್‌ಗೆ ಆಹಾರವಾಗಿ ಕೊಟ್ಟು, ಕೆಳಗಿನ ಎರಡನ್ನು ಸುಲಭವಾಗಿ ಗೆಲ್ಲುವುದು ಮೋಸ. ಗೊತ್ತಾದರೆ ಪಂದ್ಯ ರದ್ದು. ಹಾಗೆ ಮಾಡಿಲ್ಲ ಎಂದು ಪಟ್ಟಿಯ ಕೆಳಗೆ ಕೋಚ್ ಸಹಿ ಹಾಕಬೇಕು.

ಪ್ರತಿ ವರ್ಷ ಈ ಪಟ್ಟಿಯನ್ನು ಮನೆಯಲ್ಲೇ ಬರೆದು ಮೂರು ಸಲ ನೋಡಿ ಒಯ್ಯುತ್ತಿದ್ದೆ. ಈ ಸಲ ಬೇರೆ ನಮೂನೆಯಂತೆ, ಅಲ್ಲೇ ಕೊಟ್ಟರು. ನಮ್ಮ ಬಸ್ಸು ತಡವಾಗಿತ್ತು. ಮೇಜಿನ ಹಿಂದಿದ್ದವರು "ಬೇಗ ಬೇಗ ಮೇಡಂ" ಎನ್ನುತ್ತಿದ್ದರು. ಖಾಲಿ ಕಾಲಂ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಇಪ್ಪತ್ತು ವರ್ಷ ಹುಡುಗಿಯರ ಹೆಸರನ್ನು ಒಂದೇ ಕ್ರಮದಲ್ಲಿ ಬರೆದ ಕೈ ಅದು: ಹಾಜರಿ ಪಟ್ಟಿಯ ಕ್ರಮ. ರೋಲ್ ನಂಬರ್ ನಾಲ್ಕು, ಹತ್ತಿ. ರೋಲ್ ನಂಬರ್ ಹದಿನೇಳು, ಗುಡುಗು. ರೋಲ್ ನಂಬರ್ ಮೂವತ್ತು, ಸಮಾಧಾನ. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ. ಸಹಿ ಮಾಡಿದೆ. ಮೊಹರು ಹಾಕಲು ಜಾಗ ಇದೆಯೇ ಎಂದೂ ಕೇಳಿದೆ.

ಮೈಕಿನಲ್ಲಿ ಮೊದಲ ಆಟಕ್ಕೆ ಹತ್ತಿಯ ಹೆಸರು ಕರೆದಾಗಲೇ ನಾನು ಬರೆದ ಕ್ರಮ ಯಾವುದೆಂದು ಹೊಳೆದದ್ದು. ಓಡಿ ಹೋಗಿ ಅಂಪೈರನ್ನು ಕೇಳಿದೆ.

"ಪಟ್ಟಿಯಲ್ಲಿ ಏನಾದ್ರೂ ತಪ್ಪಾಗಿದ್ರೆ ತಿದ್ದಬಹುದಾ?"

"ಎರಡೂ ತಂಡದ ಪಟ್ಟಿ ಕೊಟ್ಟಾಗಿದೆ ಮೇಡಂ, ಇನ್ನು ತಿದ್ದೋಕಾಗಲ್ಲ. ತಪ್ಪಿದೆ ಅಂದ್ರೆ ಪಂದ್ಯ ಅವರಿಗೆ. ತಪ್ಪಿದೆಯಾ?"

ಪ್ರಿನ್ಸಿಪಾಲರ ಮುಖ ಕಂಡಿತು. ಕಿಟಕಿಯ ಹಿಂದಿನ ನನ್ನ ಕುರ್ಚಿ ಕಂಡಿತು. "ಇಲ್ಲ, ಸುಮ್ಮನೆ ಕೇಳ್ದೆ" ಎಂದೆ.

ಹತ್ತಿ ರಾಕೆಟ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಮೇಡಂ, ಅವಳು ಚಾಂಪಿಯನ್ ಅಲ್ವಾ? ನಾನ್ಯಾಕೆ?"

"ಧೈರ್ಯವಾಗಿ ಆಡು. ಅದಕ್ಕೊಂದು ಪ್ಲಾನ್ ಇದೆ."

ರಾಕೆಟ್ ಹಿಡಿದರೆ ಒಂದು ಹೊಡೆತವೂ ಸರಿಯಾಗಿ ಬಾರದ ನನಗೆ ಆ ಸುಳ್ಳು ಮಾತ್ರ ಎಷ್ಟು ಸಲೀಸಾಗಿ ಬಂತು!

ಮೂವತ್ತೆಂಟು ನಿಮಿಷ. ಆರು-ಸೊನ್ನೆ, ಆರು-ಸೊನ್ನೆ. ಆ ಚಾಂಪಿಯನ್ ಹುಡುಗಿ ಕೊನೆಕೊನೆಗೆ ಇವಳ ಮುಖ ನೋಡದೆ ಸರ್ವ್ ಮಾಡುತ್ತಿದ್ದಳು. ಹತ್ತಿ ಒಂದು ಚೆಂಡನ್ನೂ ಬಿಡದೆ ಓಡಿದಳು. ಪ್ಲಾನ್ ಇದೆಯಲ್ಲ, ಅದಕ್ಕೆ. ಆಮೇಲೆ ಗುಡುಗು ಅವರ ಎರಡನೆಯವಳನ್ನು, ಸಮಾಧಾನ ಮೂರನೆಯವಳನ್ನು ಸುಲಭವಾಗಿ ಸೋಲಿಸಿದರು. ಪಂದ್ಯ ನಮ್ಮದು.

ಎದುರು ತಂಡದ ಕೋಚ್ ಬಿಳಿ ಟೋಪಿಯ, ಒಂದು ಕಾಲದಲ್ಲಿ ದೊಡ್ಡ ಆಟಗಾರರಾಗಿದ್ದ ಮನುಷ್ಯರು. ಬಂದು ಕೈ ಕುಲುಕಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಮೇಡಂ, ನೋಡೋಕೆ ಸಾಧು ಥರ ಇದೀರಿ. ಒಂದು ಹುಡುಗೀನ ಬಲಿ ಕೊಟ್ಟು ಎರಡು ಗೆದ್ರಿ. ದೂರು ಕೊಡೋಣ ಅಂದ್ರೆ ರುಜುವಾತಿಲ್ಲ. ನಿಮ್ಮ ತಲೆಗೆ ಶರಣು."

ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಜಾಣೆ ಎಂದಿದ್ದರು. ನಾಚಿಕೆಗೇಡು ಎಂದರೆ, ಒಂದು ಕ್ಷಣ ಹಿತವಾಗಿಯೇ ಇತ್ತು.

ಬಸ್ಸಿನಲ್ಲಿ ಗುಡುಗು ಸೀಟಿನ ಮೇಲೆ ನಿಂತು ಕೂಗಿದಳು. "ಮೇಡಂ ಒಳಗೊಳಗೇ ಎಂಥಾ ಕಿಲಾಡಿ ಕಣ್ರೇ! ನಮಗೂ ಹೇಳ್ಲಿಲ್ಲ!" ಸಮಾಧಾನ ಕೂಡ ಎರಡು ಸಲ ಚಪ್ಪಾಳೆ ತಟ್ಟಿದಳು. ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಊರು ಹತ್ತಿರ ಬಂದಾಗ ಎದ್ದು ಬಂದು ನನ್ನ ಸೀಟಿನ ಕಂಬಿ ಹಿಡಿದು ನಿಂತಳು.

"ಮೇಡಂ, ನಾನು ಮೂರನೇದರಲ್ಲಿ ಗೆಲ್ತೀನಿ ಅಂತ ಹೇಳಿದ್ರಲ್ಲ, ಅದೂ ಪ್ಲಾನೇನಾ?"

ಅಷ್ಟರಲ್ಲಿ ಅವಳ ಸ್ಟಾಪು ಬಂತು. ಇಳಿದು ಹೋದಳು.

ಮರುದಿನ ಪ್ರಿನ್ಸಿಪಾಲರು ಸೂಚನಾ ಫಲಕದಲ್ಲಿ ಅಭಿನಂದನೆ ಹಾಕಿಸಿದರು. ಅತ್ತೆಯವರು ಪಕ್ಕದ ಮನೆಯವರಿಗೆ ಹೊಸ ವರದಿ ಕೊಟ್ಟರು. ಹತ್ತಿ ಅಭ್ಯಾಸಕ್ಕೆ ಬರಲಿಲ್ಲ. ಎರಡನೇ ದಿನವೂ ಇಲ್ಲ. ರಾಕೆಟ್ಟನ್ನೂ, ಇಸ್ತ್ರಿ ಮಾಡಿ ಮಡಿಸಿದ ತಂಡದ ಸ್ಕರ್ಟನ್ನೂ ಗೆಳತಿಯೊಬ್ಬಳ ಕೈಯಲ್ಲಿ ಕಳಿಸಿದಳು. ಆ ಸ್ಕರ್ಟ್ ಹೊಲಿದವರು ನಮ್ಮವರೇ. ಮನೆಗೆ ತಂದಾಗ ಅವರು ಮಡಿಕೆ ನೋಡಿ, "ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಿ ಕಳ್ಸಿದಾಳೆ ಅಂದ್ರೆ ಮತ್ತೆ ಹಾಕೊಳ್ಳೋ ಯೋಚನೆ ಇಲ್ಲ. ಏನು ಮಾಡಿದೆ ಆ ಮಗೂಗೆ?" ಎಂದರು.

ಹೇಳಿದೆ. ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದರು. "ನಂಗೆ ಹೇಳಿದ್ದು ಆಯ್ತು. ಅವಳಿಗೆ ಹೇಳೋದು ಯಾವಾಗ?"

ಗಿರಣಿಗೆ ಹೋದೆ. ಒಳಗೆ ಯಂತ್ರದ ಬೆಲ್ಟು ತಿರುಗುವ ಸದ್ದಿಗೆ ನಮ್ಮ ಉಸಿರು ನಮಗೇ ಕೇಳದು. ಕಾಳಿನ ಚೀಲ ಹಿಡಿದು ನಾಲ್ಕೈದು ಜನ ಸಾಲಿನಲ್ಲಿ ನಿಂತಿದ್ದರು. ಹತ್ತಿ ತೂಕದ ತಕ್ಕಡಿಯ ಹತ್ತಿರ ಇದ್ದಳು, ಅವಳ ತಾಯಿ ಯಂತ್ರದ ಬಾಯಿಗೆ ಕಾಳು ಸುರಿಯುತ್ತಿದ್ದರು. ನನ್ನನ್ನು ಕಂಡು ತಾಯಿಯ ಮುಖ ಗಂಟಾಯಿತು.

ನಾನು ಮೆಲ್ಲಗೆ ಶುರುಮಾಡಿದೆ, "ನಿನ್ನ ಹತ್ರ ಒಂದು ಮಾತು..."

"ಏನು?" ಎಂದು ಹತ್ತಿ ಕೂಗಿದಳು.

"ಒಂದು ತಪ್ಪಾಗಿದೆ!"

"ಕೇಳಿಸ್ತಿಲ್ಲ!"

ಇದ್ದ ಉಸಿರೆಲ್ಲ ಹಾಕಿ ಕಿರುಚಿದೆ. "ಪ್ಲಾನ್ ಇರ್ಲಿಲ್ಲ! ಪಟ್ಟೀನ ರೋಲ್ ನಂಬರ್ ಪ್ರಕಾರ ಬರೆದುಬಿಟ್ಟೆ! ನಾನು ದಡ್ಡಿ!"

ಆ ತಾಯಿ ಯಂತ್ರ ನಿಲ್ಲಿಸಿದ್ದು ಸರಿಯಾಗಿ ಆ ಕೊನೆಯ ಪದದ ಹೊತ್ತಿಗೆ. ನಿಶ್ಶಬ್ದದಲ್ಲಿ ಅದೊಂದೇ ಗೋಡೆಗೆ ಬಡಿದು ವಾಪಸ್ ಬಂತು. ಸಾಲಿನಲ್ಲಿದ್ದವರೊಬ್ಬರು ಚೀಲ ಕೆಳಗಿಟ್ಟು ಆರಾಮಾಗಿ ನಿಂತರು, ಮುಂದೇನು ಎನ್ನುವ ಹಾಗೆ.

"ಅಂದ್ರೆ ಸೋಲಲಿ ಅಂತ ನನ್ನ ಕಳಿಸಿರ್ಲಿಲ್ವಾ?" ಹತ್ತಿ ಕೇಳಿದಳು.

"ಇಲ್ಲಮ್ಮ. ನೀನು ಮೂರನೇದರಲ್ಲಿ ಗೆಲ್ತಿದ್ದೆ. ಈಗ್ಲೂ ಹಾಗೇ ಅನ್ಸುತ್ತೆ. ಆದ್ರೆ ಕರೆದಾಗ ಗೊತ್ತಾಯ್ತು, ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡೆ. ನಿಂಗೆ ಸುಳ್ಳು ಹೇಳ್ದೆ. ಅದು ದಡ್ಡತನ ಅಲ್ಲ."

ತಾಯಿ ಕೈಯ ಹಿಟ್ಟು ಕೊಡವಿದರು. "ಮೂರು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ ಕಣಮ್ಮ ಇವಳು. ಕಲಿಸೋ ಮೇಡಮ್ಮೇ ನನ್ನ ಕಸದ ಹಾಗೆ ಎತ್ತಿ ಹಾಕಿದ್ರು ಅಂತ. ನೀವು ಈಗ ಬಂದು ರೋಲ್ ನಂಬರ್ ಅಂತೀರಿ."

ಹತ್ತಿ ನೆಲ ನೋಡುತ್ತಾ ಇದ್ದವಳು ತುಟಿ ಕಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗು ತಡೆಯುತ್ತಿದ್ದಳು. "ರೋಲ್ ನಂಬರ್ ಪ್ರಕಾರನಾ ಮೇಡಂ? ನಿಜವಾಗ್ಲೂ?" ಎಂದು ನಕ್ಕವಳು ಸ್ವಲ್ಪ ಹೊತ್ತಿನ ಮೇಲೆ ನಗು ನಿಲ್ಲಿಸಿ ಕೇಳಿದಳು: "ಇದನ್ನ ಪಂದ್ಯಾವಳಿಯವರಿಗೂ ಹೇಳ್ತೀರಾ?"

ಅಂತಃಸಾಕ್ಷಿ ಎಚ್ಚರವಾಗಿ ನಾನು ನೇರವಾಗಿ ಪೆನ್ನು ಹಿಡಿದೆ ಎಂದು ಬರೆಯಲು ಆಸೆ. ಹಾಗಾಗಲಿಲ್ಲ. "ನೋಡ್ತೀನಿ" ಎಂದು ಹೇಳಿ ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರೇ ಬೇಡ ಅಂದುಬಿಟ್ಟರೆ ಸಾಕು ಎಂದು ಒಳಗೊಳಗೆ ಬೇಡಿಕೊಳ್ಳುತ್ತಾ ಹೋದೆ. ಅವರು ಬೇಡ ಎಂದೇ ಅಂದರು.

"ಗಿರಣಿಲಿ ಹಿಟ್ಟು ಬೀಸೋಕೆ ಬಂದೋರು ಪಂದ್ಯಾವಳಿ ಸಮಿತಿಗೆ ಪತ್ರ ಬರೀತಾರೇನಮ್ಮ? ಸೋಮವಾರ ಮಂಡಳಿ ಸಭೆ ಇದೆ. ಎರಡು ದಿನ ಸುಮ್ನಿರು. ನಿನ್ನ ಹುದ್ದೆ ನಿಂಗೆ."

ಬೇಕಾದ ಉತ್ತರವೇ ಸಿಕ್ಕಿತ್ತು. ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತೆ. ಸುಮ್ಮನಿದ್ದರೆ ಸೋಮವಾರದಿಂದ ನಾನು ಕೋಚ್. ಮಂಗಳವಾರ ಸಂಜೆ ಅಂಕಣಕ್ಕೆ ಹೋಗಿ ಹತ್ತಿಗೆ ಏನೆಂದು ಹೇಳಲಿ? ಮೊಣಕಾಲು ಬಗ್ಗಿಸು ಎಂದರೆ ಅವಳು ನಂಬಬೇಕಲ್ಲ. ನಾನು ಆಡಿ ತೋರಿಸುವವಳಲ್ಲ. ನನ್ನಲ್ಲಿದ್ದ ಬಂಡವಾಳವೇ ಬಾಯಿಮಾತು, ಅದನ್ನು ಯಾರೂ ನಂಬದಿದ್ದರೆ ನಾನು ಅತ್ತೆಯವರು ಹೇಳಿದ ಹಾಗೆ ಚೆಂಡು ಹೆಕ್ಕುವವಳೇ. ಆಫೀಸಿಗೆ ಹೋಗಿ ಪತ್ರ ಬರೆದೆ. ಪಟ್ಟಿ ತಪ್ಪಾಗಿತ್ತು, ಆಟ ಶುರುವಾಗುವ ಮೊದಲೇ ನನಗೆ ತಿಳಿದಿತ್ತು, ಹೇಳಲಿಲ್ಲ. ಮೂರೇ ಸಾಲು. ಯಾವ ಪತ್ರಕ್ಕೂ ನಾನು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಪಂದ್ಯ ಅವರಿಗೆ ಹೋಯಿತು, ಮುಂದಿನ ವಾರದ ಎರಡನೇ ಸುತ್ತಿನ ಜಾಗವೂ. ಬಿಳಿ ಟೋಪಿಯ ಕೋಚ್ ಫೋನ್ ಮಾಡಿದರು. "ಕ್ಷಮಿಸಿ ಮೇಡಂ. ನಾನು ನಿಮ್ಮನ್ನ ಜಾಣೆ ಅಂತ ತಪ್ಪು ತಿಳ್ಕೊಂಡಿದ್ದೆ."

"ಪರವಾಗಿಲ್ಲ ಸಾರ್. ಎಲ್ಲೋ ಒಬ್ಬಿಬ್ಬರಿಗೆ ಹಾಗಾಗುತ್ತೆ," ಎಂದೆ.

ಪ್ರಿನ್ಸಿಪಾಲರು ಫಲಕದ ಅಭಿನಂದನೆಯನ್ನು ತಾವೇ ಕಿತ್ತರು. "ಹನ್ನೆರಡು ವರ್ಷದಲ್ಲಿ ಒಂದು ಗೆದ್ದಿದ್ವಿ. ಅದನ್ನೂ ನೀನೇ ಸೋಲಿಸಿದೆಯಲ್ಲಮ್ಮ!" ಸೋಮವಾರದ ಸಭೆ ಕೋಚ್ ಹುದ್ದೆಯನ್ನು ಮುಂದೂಡಿತು. ಹೊಸಬರು ಬರುವ ತನಕ ಈಗಿನ ವ್ಯವಸ್ಥೆಯೇ ಮುಂದುವರಿಯಲಿ ಎಂದು ಬರೆದರು. ಈಗಿನ ವ್ಯವಸ್ಥೆ ಎಂದರೆ ನಾನು.

ಮರುದಿನ ಸಂಜೆ ಅಂಕಣಕ್ಕೆ ಹೋದೆ. ಗುಡುಗು ಅಲ್ಲಿ ನಿಂತಿದ್ದಳು. ಅವಳು ನಿಯಮದಂತೆ ಆಡಿ ಗೆದ್ದ ಆಟವೂ ನನ್ನ ಪತ್ರದ ಜೊತೆ ಅಳಿಸಿಹೋಗಿತ್ತು. ಪತ್ರದ ಸುದ್ದಿ ಗೊತ್ತಾದಾಗಿನಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಹಿಂದೆ ಸಮಾಧಾನ, ಅವಳ ಪಕ್ಕದಲ್ಲಿ ಹತ್ತಿ.

"ನನ್ನ ಗೆಲುವು ಯಾರು ವಾಪಸ್ ಕೊಡ್ತಾರೆ ಮೇಡಂ?"

"ಯಾರೂ ಕೊಡೋಕಾಗಲ್ಲ. ನನ್ನಿಂದ ಹೋಯ್ತು."

ಗುಡುಗು ಒಂದು ರಾಕೆಟ್ ನನ್ನ ಕೈಗಿಟ್ಟಳು. "ಹಾಗಾದ್ರೆ ಆ ಕಡೆ ನಿಂತ್ಕೊಳ್ಳಿ. ಹತ್ತೀನ ಚಾಂಪಿಯನ್ ಎದುರಿಗೆ ನಿಲ್ಸಿದ್ರಲ್ಲ, ನೀವೂ ಒಂದ್ಸಲ ನಿಂತು ನೋಡಿ."

ಹನ್ನೆರಡು ವರ್ಷದಲ್ಲಿ ನಾನು ಆ ಗೆರೆಯ ಒಳಗೆ ಆಡಲೆಂದು ನಿಂತದ್ದು ಅದೇ ಮೊದಲು. ಹತ್ತಿ ಅಂಪೈರ್ ಕುರ್ಚಿ ಏರಿದಳು. ಗುಡುಗುವಿನ ಮೊದಲ ಸರ್ವ್ ನನ್ನ ಪಕ್ಕದಿಂದ ಹೋದದ್ದು ಕಾಣಲೇ ಇಲ್ಲ, ಬೇಲಿಯ ಸದ್ದಿನಿಂದ ಗೊತ್ತಾಯಿತು. ಎರಡನೆಯದು ರಾಕೆಟ್ಟಿಗೆ ತಗುಲಿ ಮೊಣಕೈವರೆಗೆ ಜುಮ್ಮೆಂದಿತು. ಮೂರನೆಯದಕ್ಕೆ ಓಡಿ ಬಿದ್ದೆ. ಸಮಾಧಾನ ನಿಧಾನವಾಗಿ ಬಂದು ಎಬ್ಬಿಸಿ, ಮಂಡಿಯ ಮಣ್ಣು ಒರೆಸಿ, "ಆಡಿ ಮೇಡಂ" ಎಂದು ಹೋದಳು. ಗುಡುಗುವಿನದೇ ತಪ್ಪಿನಿಂದ ಸಿಕ್ಕ ಎರಡು ಪಾಯಿಂಟ್ ನನ್ನ ಇಡೀ ಗಳಿಕೆ.

"ಆರು-ಸೊನ್ನೆ!" ಹತ್ತಿ ಕುರ್ಚಿಯ ಮೇಲಿಂದ ಕೂಗಿದಳು. ದನಿಯಲ್ಲಿ ಸಂತೋಷ ತುಂಬಿ ಚೆಲ್ಲುತ್ತಿತ್ತು.

ನಾನು ಏದುಸಿರು ಬಿಡುತ್ತಾ ನೆಟ್ಟಿನ ಹತ್ತಿರ ಬಂದು ಕೈ ಚಾಚಿದೆ. ಗುಡುಗು ಕೈ ಕೊಡಲಿಲ್ಲ.

"ಎಲ್ಲಿಗೆ ಮೇಡಂ? ಹತ್ತಿ ಎರಡು ಸೆಟ್ ಆಡಿದ್ಲು."

ಸೊಂಟ ಹಿಡಿದುಕೊಂಡು ಹೋಗಿ ಗೆರೆಯ ಹಿಂದೆ ನಿಂತೆ.